ಕರಡಿಗೆ ಸಿಕ್ಕ ಕ್ಯಾಮೆರಾ ಬೀವರ್‌ಗೆ ಯಾಕೆ ಸಿಗಲಿಲ್ಲ?

ಅಮೆರಿಕದ ತುಪ್ಪಳ ಬೇಟೆಗಾರ ಹ್ಯೂ ಗ್ಲಾಸ್ ಮೇಲೆ ಕರಡಿ ಎರಗಿದ್ದು ಆಗಸ್ಟ್ ತಿಂಗಳಲ್ಲಿ. 1823ರ ಬೇಸಿಗೆ. ಜಾಗ ಈಗಿನ ಸೌತ್ ಡಕೋಟಾ ರಾಜ್ಯದ ಗ್ರ್ಯಾಂಡ್ ನದಿಯ ಕವಲುಗಳು ಕೂಡುವ ಕಡೆ, ಹುಲ್ಲುಗಾವಲಿನ ನಡುವಿನ ಪೊದೆಗಳ ಹತ್ತಿರ. ಅಲ್ಲಿ ಆಗ ಹಿಮದ ಸುಳಿವೂ ಇರಲಿಲ್ಲ. ಸತ್ತ ಕುದುರೆಯ ಹೊಟ್ಟೆ ಬಗೆದು, ಕರುಳು ಕಿತ್ತುಹಾಕಿ, ಅದರೊಳಗೆ ಮುದುಡಿ ಮಲಗಬೇಕಾದ ಚಳಿಯಂತೂ ಇಲ್ಲವೇ ಇಲ್ಲ.

'ದಿ ರೆವನಂಟ್' ನೋಡಿದವರಿಗೆ ಇದು ಒಂದು ಕ್ಷಣ ಗಂಟಲಲ್ಲಿ ಇಳಿಯುವುದಿಲ್ಲ. ಆ ಚಿತ್ರದಿಂದ ಮನೆಗೆ ಹೊತ್ತುಕೊಂಡು ಬರುವುದೇ ಚಳಿಯನ್ನು. ಗಡ್ಡದಲ್ಲಿ ಕಟ್ಟಿದ ಮಂಜು, ಬಾಯಿಂದ ಹೊರಟು ಕ್ಯಾಮೆರಾದ ಗಾಜನ್ನೇ ಮಸುಕು ಮಾಡುವ ಉಸಿರು, ಎತ್ತ ನೋಡಿದರೂ ಬಿಳಿ. 2015ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ಈ ಚಿತ್ರಕ್ಕೆ 12 ಆಸ್ಕರ್ ನಾಮನಿರ್ದೇಶನ ಬಂದವು. ನಿರ್ದೇಶಕ ಅಲೆಹಾಂಡ್ರೊ ಇನಾರಿಟು, ಛಾಯಾಗ್ರಾಹಕ ಇಮ್ಯಾನುಯೆಲ್ ಲುಬೆಜ್ಕಿ, ಗ್ಲಾಸ್ ಪಾತ್ರ ಮಾಡಿದ ಲಿಯೊನಾರ್ಡೊ ಡಿಕಾಪ್ರಿಯೊ, ಮೂವರಿಗೂ ಪ್ರಶಸ್ತಿ ಸಿಕ್ಕಿತು. ಹೆಚ್ಚುಕಡಿಮೆ ಪೂರ್ತಿ ಚಿತ್ರವನ್ನು ಸೂರ್ಯನ ಬೆಳಕಲ್ಲೇ ತೆಗೆದದ್ದು, ಸಸ್ಯಾಹಾರಿ ನಟ ಕಾಡೆಮ್ಮೆಯ ಹಸಿ ಪಿತ್ತಜನಕಾಂಗ ಕಚ್ಚಿದ್ದು, ಹೀಗೆ ಚಿತ್ರೀಕರಣದ ಕಷ್ಟದ ಕಥೆಗಳು ಚಿತ್ರಕ್ಕಿಂತ ಹೆಚ್ಚು ಓಡಿದವು.

ಸಿನಿಮಾ ಸುಳ್ಳು ಹೇಳಿತು ಎಂದು ದೂರಲು ನಾನು ಕೂತಿಲ್ಲ. ಅದರ ಕಸುಬೇ ಅದು. ಆದರೆ ಎಲ್ಲಿ ಸುಳ್ಳು ಹೇಳಿತು, ಹೇಳಿ ಯಾವುದನ್ನು ಮುಚ್ಚಿತು ಎನ್ನುವುದನ್ನು ನೋಡಬೇಕು. ಈ ಹತ್ತು ವರ್ಷಗಳಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಒಂದು ವಿಚಿತ್ರ ಕೆಲಸ ಚುರುಕಾಗಿದೆ. ಗ್ಲಾಸ್‌ನಂಥ ಬೇಟೆಗಾರರು ಬಳಿದು ಖಾಲಿ ಮಾಡಿದ ಬೀವರ್ ಎಂಬ ಪ್ರಾಣಿಯನ್ನು ಬೋನಿನಲ್ಲಿ ಹಿಡಿದು, ಜೀಪಿನಲ್ಲಿ ಸಾಗಿಸಿ, ಹೊಳೆಗೆ ವಾಪಸು ಬಿಡುತ್ತಿದ್ದಾರೆ. ಅದಕ್ಕೆ ಕಾನೂನು ತಿದ್ದುತ್ತಿದ್ದಾರೆ, ಸರ್ಕಾರಿ ದುಡ್ಡು ಇಡುತ್ತಿದ್ದಾರೆ. ಯಾಕೆ ಎಂದು ತಿಳಿಯಲು ಈ ಚಿತ್ರ ನೋಡಿದರೆ ಏನೂ ಸಿಗುವುದಿಲ್ಲ. ತುಪ್ಪಳ ಬೇಟೆಗಾರರ ಮೇಲೆ ಬಂದ ಅತ್ಯಂತ ಜನಪ್ರಿಯ ಚಿತ್ರ ಅವರು ಬೇಟೆಯಾಡುತ್ತಿದ್ದ ಪ್ರಾಣಿಯ ಕಡೆ ತಿರುಗಿ ನೋಡುವುದೇ ಇಲ್ಲ.

ಕಥೆ ಮರೆತವರಿಗೆ ಎರಡು ಮಾತು. ಬೇಟೆಗಾರರ ತಂಡವೊಂದಕ್ಕೆ ದಾರಿ ತೋರಿಸುವವನು ಗ್ಲಾಸ್. ಮರಿಗಳಿದ್ದ ತಾಯಿಕರಡಿ ಅವನನ್ನು ಸಿಗಿದು ಹಾಕುತ್ತದೆ. ಸಾಯುವವರೆಗೆ ಜೊತೆಗಿರಿ ಎಂದು ನಾಯಕ ಕೆಲವರನ್ನು ಬಿಟ್ಟು ಮುಂದೆ ಹೋಗುತ್ತಾನೆ. ಅವರಲ್ಲಿ ಫಿಟ್ಜೆರಾಲ್ಡ್ ಎಂಬವನು ಗ್ಲಾಸ್‌ನ ಮಗನನ್ನು ಕಣ್ಣೆದುರೇ ಕೊಂದು, ಅರೆಜೀವವಾದ ಗ್ಲಾಸ್‌ನನ್ನು ಗುಂಡಿಗೆ ತಳ್ಳಿ ಓಡುತ್ತಾನೆ. ಗ್ಲಾಸ್ ತೆವಳುತ್ತಾ, ಕುಂಟುತ್ತಾ ಬಂದು ಸೇಡು ತೀರಿಸಿಕೊಳ್ಳುತ್ತಾನೆ.

ಕರಡಿಯ ದೃಶ್ಯ ಬಂದಾಗ ಥಿಯೇಟರಿನಲ್ಲಿ ನನ್ನ ಪಕ್ಕದ ಸೀಟಿನವರು ಎರಡೂ ಕಾಲು ಮೇಲೆತ್ತಿಕೊಂಡು ಕೂತರು. ಅಷ್ಟು ಚೆನ್ನಾಗಿದೆ ಅದು. ಬಳ್ಳಾರಿ, ತುಮಕೂರು ಕಡೆಯ ಕುರುಚಲು ಗುಡ್ಡಗಳ ಅಂಚಿನ ಊರಿನವರಿಗೆ ಆ ದೃಶ್ಯದ ತರ್ಕ ಬಿಡಿಸಿ ಹೇಳಬೇಕಾಗಿಲ್ಲ. ಮರಿ ಜೊತೆಗಿದ್ದಾಗ ಎದುರು ಸಿಕ್ಕವನ ಮೇಲೆ ಕರಡಿ ಬೀಳುವುದು ತಿನ್ನಲಿಕ್ಕಲ್ಲ, ಗಾಬರಿಗೆ. ಅವರ ಕರಡಿ ನಮ್ಮದರ ಮೂರು ಪಟ್ಟು ದೊಡ್ಡದು, ಅಷ್ಟೆ.

ಇನ್ನು ದಾಖಲೆಯಲ್ಲಿರುವುದು. ಗ್ಲಾಸ್‌ಗೆ ಮೂಲನಿವಾಸಿ ಹೆಂಡತಿ, ಮಗ ಇದ್ದರು ಎನ್ನಲು ಆಧಾರವಿಲ್ಲ. ಕರಡಿ ಸಿಗಿದದ್ದು ನಿಜ, ಜೊತೆಗಾರರಿಬ್ಬರು ಅವನ ಬಂದೂಕು ಕಸಿದುಕೊಂಡು ಬಿಟ್ಟುಹೋದದ್ದು ನಿಜ, ಸುಮಾರು 320 ಕಿಲೋಮೀಟರ್ ದೂರದ ಫೋರ್ಟ್ ಕಿಯೋವಾ ಎಂಬ ವ್ಯಾಪಾರದ ಕೋಟೆಗೆ ಅವನು ಬಂದು ಸೇರಿದ್ದೂ ನಿಜ ಎಂದೇ ಇತಿಹಾಸಕಾರರು ಒಪ್ಪುತ್ತಾರೆ. ಬಿಟ್ಟುಹೋದವರಲ್ಲಿ ಚಿಕ್ಕವನನ್ನು, ಅವನು ಮುಂದೆ ದೊಡ್ಡ ಹೆಸರು ಮಾಡಿದ ಜಿಮ್ ಬ್ರಿಜರ್ ಎಂಬುದು ಬಹುಮತ, ಗ್ಲಾಸ್ ಕ್ಷಮಿಸಿಬಿಟ್ಟ. ಫಿಟ್ಜೆರಾಲ್ಡ್‌ನನ್ನು ಹುಡುಕಿಕೊಂಡು ಹೋದರೆ ಅವನು ಸೈನ್ಯ ಸೇರಿದ್ದ. ಸರ್ಕಾರಿ ಸಿಪಾಯಿಯನ್ನು ಕೊಂದರೆ ನೇಣು. ಗ್ಲಾಸ್ ತನ್ನ ಬಂದೂಕು ವಾಪಸು ತೆಗೆದುಕೊಂಡು ಹೊರಟ. ಚಿತ್ರದಲ್ಲಿ ಹೆಣವಾಗುವ ನಾಯಕ ಆಂಡ್ರ್ಯೂ ಹೆನ್ರಿ, ನಿಜದಲ್ಲಿ ಮಿಸೌರಿಗೆ ಮರಳಿ ಸೀಸದ ಗಣಿ ನೋಡಿಕೊಂಡಿದ್ದು 1832ರಲ್ಲಿ ತೀರಿಕೊಂಡ.

ಹೀಗೆ ನಿಜದ ಕಥೆಯ ತುದಿಯಲ್ಲಿ ಕೊಲೆಯಿಲ್ಲ, ಒಂದು ಬಂದೂಕಿನ ವಸೂಲಿ ಇದೆ. ಸಿನಿಮಾಕ್ಕೆ ಅದು ಸಾಲದು. ಎರಡೂವರೆ ಗಂಟೆ ಚಳಿಯಲ್ಲಿ ನರಳಿಸಿ ಕೊನೆಗೆ "ನನ್ನ ಬಂದೂಕು ಕೊಡಪ್ಪಾ" ಎನ್ನಿಸಿದರೆ ಯಾರು ಟಿಕೆಟ್ ಕೊಳ್ಳುತ್ತಾರೆ? ಅದಕ್ಕೆ ಒಬ್ಬ ಮಗನನ್ನು ಹುಟ್ಟಿಸಿ, ಕೊಲ್ಲಿಸಿದರು. ಮಗನ ಸಾವಿನ ಜೊತೆಗೆ ಇಡೀ ಕಥೆ ಮನೆಯೊಳಗಿನ ದುಃಖವಾಯಿತು. ಆ ನೂರಾರು ಜನ ಅಷ್ಟು ದೂರದ ಕಾಡಿಗೆ ಯಾಕೆ ಬಂದರು, ಯಾರ ದುಡ್ಡಿನಲ್ಲಿ ಬಂದರು, ಏನು ಹೊತ್ತುಕೊಂಡು ಹೋದರು ಎಂಬ ಲೆಕ್ಕದ ಪುಸ್ತಕ ಅಲ್ಲಿಗೆ ಮುಚ್ಚಿತು.

ಆ ಪುಸ್ತಕದ ಮೊದಲ ಪುಟ ಒಂದು ಜಾಹೀರಾತು. 1822ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನ ಪತ್ರಿಕೆಯಲ್ಲಿ ವಿಲಿಯಂ ಆಶ್ಲಿ ಎಂಬವನು ಅದನ್ನು ಹಾಕಿಸಿದ. ಮಿಸೌರಿ ನದಿಯ ಮೂಲದವರೆಗೆ ಹೋಗಲು 100 ಮಂದಿ ಉತ್ಸಾಹಿ ಯುವಕರು ಬೇಕು, ಒಂದರಿಂದ ಮೂರು ವರ್ಷದ ಕೆಲಸ. ಹೋಗಿ ಮಾಡಬೇಕಾದ್ದೇನು ಎಂಬುದನ್ನು ಜಾಹೀರಾತು ಬಿಡಿಸಿ ಹೇಳಿರಲಿಲ್ಲ, ಓದಿದವರಿಗೆ ಗೊತ್ತಿತ್ತು. ಬೀವರ್ ಹಿಡಿಯಬೇಕು.

ಇಲ್ಲಿ ಒಂದು ಮಾತು. ಈ ಪ್ರಾಣಿಗೆ ಕನ್ನಡದಲ್ಲಿ ಹೆಸರಿಲ್ಲ. ಅನುವಾದಗಳಲ್ಲಿ ಕೆಲವೊಮ್ಮೆ 'ನೀರುನಾಯಿ' ಎಂದು ಬರೆದುಬಿಡುತ್ತಾರೆ, ಅದು ತಪ್ಪು. ನೀರುನಾಯಿ ನಮ್ಮ ಕಾವೇರಿ, ತುಂಗಭದ್ರೆಯಲ್ಲಿ ಮೀನು ಹಿಡಿದು ತಿನ್ನುವ ಬೇರೆಯೇ ಜೀವ. ಬೀವರ್ ಇಲಿ, ಅಳಿಲುಗಳ ಬಳಗದ್ದು. ಮೀನು ಮುಟ್ಟುವುದಿಲ್ಲ, ತೊಗಟೆ, ಎಲೆ, ಎಳೆ ಕೊಂಬೆ ತಿನ್ನುತ್ತದೆ. ಸಾಮಾನ್ಯವಾಗಿ 15ರಿಂದ 30 ಕಿಲೋ ತೂಗುತ್ತದೆ. ಬಾಲ ರೊಟ್ಟಿ ತಟ್ಟುವ ಹಲಗೆಯ ಹಾಗೆ ಚಪ್ಪಟೆ. ಮುಂದಿನ ಹಲ್ಲು ಕಿತ್ತಳೆ ಬಣ್ಣ, ಯಾಕೆಂದರೆ ಅದರ ಹೊರಪದರದಲ್ಲಿ ಕಬ್ಬಿಣದ ಅಂಶವಿದೆ. ಆ ಹಲ್ಲಲ್ಲಿ ಮರ ಕಡಿದು, ಕೊಂಬೆ, ಕೆಸರು, ಕಲ್ಲು ಸೇರಿಸಿ ಹೊಳೆಗೆ ಅಡ್ಡ ಒಡ್ಡು ಕಟ್ಟುತ್ತದೆ. ಒಡ್ಡಿನ ಹಿಂದೆ ನೀರು ನಿಂತು ಮಡುವಾಗುತ್ತದೆ. ಮಡುವಿನ ನಡುವೆ ಅದರ ಮನೆ, ಬಾಗಿಲು ನೀರಿನೊಳಗೆ. ಸುರಕ್ಷಿತವಾಗಿರಲಿ ಎಂದು ಅದು ಕಟ್ಟಿಕೊಂಡ ಈ ವ್ಯವಸ್ಥೆಯೇ ಬೇಟೆಗಾರನಿಗೆ ವಿಳಾಸ. ಒಡ್ಡು ಕಂಡರೆ ಮನೆ ಸಿಕ್ಕಿದಂತೆ.

ಅದರ ತೊಗಲು ಯಾರಿಗೆ ಬೇಕಿತ್ತು? ಟೋಪಿಯವರಿಗೆ. ತುಪ್ಪಳದ ಕೋಟಿಗಿಂತ ಹೆಚ್ಚಾಗಿ ಟೋಪಿಗೆ. ಬೀವರ್‌ನ ಮೈಯಲ್ಲಿ ಎರಡು ಪದರ ಕೂದಲು: ಮೇಲೆ ಒರಟು ಉದ್ದ ಕೂದಲು, ಕೆಳಗೆ ಹತ್ತಿಯಂತೆ ದಟ್ಟವಾದ ಉಣ್ಣೆ. ಆ ಉಣ್ಣೆಯ ಎಳೆಯಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿವೆ. ನಮ್ಮ ಕುರುಬರ ಕಂಬಳಿ ನೂಲು ತೆಗೆದು ನೇಯುವಂಥದ್ದು; ಟೋಪಿಗೆ ಬಳಸುವ ಫೆಲ್ಟ್ ಎಂಬ ಬಟ್ಟೆಗೆ ನೂಲೂ ಇಲ್ಲ, ಮಗ್ಗವೂ ಇಲ್ಲ. ಬಿಸಿನೀರು ಹಾಕಿ ಒತ್ತಿ ಉಜ್ಜಿದರೆ, ಎಣ್ಣೆ ಕಾಣದ ತಲೆಗೂದಲು ಜಡೆಗಟ್ಟುವ ಹಾಗೆ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯಾಗುತ್ತವೆ. ಮಳೆಗೆ ಜಗ್ಗದ, ಆಕಾರ ಕೆಡದ ಬಟ್ಟೆ. ಯುರೋಪಿನಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಗೌರವಸ್ಥರ ತಲೆಯ ಮೇಲೆ ಕೂತದ್ದು ಇದೇ. ಉಣ್ಣೆ ಬೇಗ ಜಡೆಗಟ್ಟಲಿ ಎಂದು ಟೋಪಿ ಕಾರ್ಖಾನೆಗಳಲ್ಲಿ ಪಾದರಸದ ದ್ರಾವಣ ಬಳಿಯುತ್ತಿದ್ದರು. ಅದರ ಹೊಗೆ ಕುಡಿದ ಕೆಲಸಗಾರರಿಗೆ ಕೈನಡುಕ, ಬುದ್ಧಿಭ್ರಮಣೆ. ಕಾಡಿನಲ್ಲಿ ಒಬ್ಬ, ಲಂಡನ್ನಿನಲ್ಲಿ ಇನ್ನೊಬ್ಬ. ಒಂದೇ ಟೋಪಿಗೆ ಇಬ್ಬರೂ ಸವೆದರು.

ನನಗೆ ತುಂಬ ಇಷ್ಟವಾದ ವಿವರ ಬೇರೊಂದಿದೆ. ಆರಂಭದ ದಿನಗಳಲ್ಲಿ ಯುರೋಪಿನ ವ್ಯಾಪಾರಿಗಳು ಹೊಸ ತೊಗಲಿಗಿಂತ, ಮೂಲನಿವಾಸಿಗಳು ಒಂದೆರಡು ಚಳಿಗಾಲ ಮೈಮೇಲೆ ಹೊದ್ದು ಹಳತಾದ ತೊಗಲಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಹೊದ್ದು ಹೊದ್ದು ಮೇಲಿನ ಒರಟು ಕೂದಲು ಉದುರಿ, ಮೈಯ ಎಣ್ಣೆ ಇಳಿದು, ಉಣ್ಣೆ ಮಾತ್ರ ಉಳಿದಿರುತ್ತಿತ್ತು. ಟೋಪಿಯವನಿಗೆ ಅರ್ಧ ಕೆಲಸ ಮುಗಿದಂತೆ. 1630ರ ದಶಕದಲ್ಲಿ ಕ್ವಿಬೆಕ್ ಸೀಮೆಯ ಪಾದ್ರಿಯೊಬ್ಬ ಬರೆದಿಟ್ಟಂತೆ, ಅಲ್ಲಿನ 'ಇನ್ನು' ಎಂಬ ಹೆಸರಿನ ಮೂಲನಿವಾಸಿ ಜನ ಇದನ್ನು ಕಂಡು ನಗುತ್ತಿದ್ದರಂತೆ: ಬೀವರ್ ಎಂಥ ಕೆಲಸಗಾರ ನೋಡಿ, ಕೊಡಲಿ ಮಾಡಿಕೊಡುತ್ತದೆ, ಪಾತ್ರೆ ಮಾಡಿಕೊಡುತ್ತದೆ, ಚೂರಿ, ರೊಟ್ಟಿ ಎಲ್ಲ ಮಾಡಿಕೊಡುತ್ತದೆ, ಈ ಬಿಳಿಯರಿಗೆ ಬುದ್ಧಿಯಿಲ್ಲ, ಒಂದು ತೊಗಲಿಗೆ ಇಷ್ಟೆಲ್ಲ ಕೊಡುತ್ತಾರೆ.

ಗ್ಲಾಸ್‌ನ ಕಾಲಕ್ಕೆ ಆಟ ಬದಲಾಗಿತ್ತು. ಮೂಲನಿವಾಸಿಗಳು ತೊಗಲು ತರಲಿ, ನಾವು ಕೊಳ್ಳೋಣ ಎನ್ನುವ ಬದಲು ಆಶ್ಲಿಯಂಥವರು ತಾವೇ ಆಳುಗಳನ್ನು ಕಳಿಸಿ ಹಿಡಿಸತೊಡಗಿದರು. ಆ ಕೆಲಸ ಹೀಗಿತ್ತು. ಬೇಟೆಗಾರ ಮಡುವಿಗೆ ಇಳಿಯುತ್ತಾನೆ, ಮೊಣಕಾಲವರೆಗೆ ನೀರು. ನೆಲದ ಮೇಲೆ ನಡೆದರೆ ವಾಸನೆ ಉಳಿಯುತ್ತದೆ, ಹಾಗಾಗಿ ನೀರಲ್ಲೇ ನಡೆಯಬೇಕು. ಕಾಲಿಟ್ಟ ಕೂಡಲೇ ದವಡೆಯಂತೆ ಮುಚ್ಚಿಕೊಳ್ಳುವ ಉಕ್ಕಿನ ಬೋನನ್ನು ದಡದ ಬಳಿ ನಾಲ್ಕು ಬೆರಳು ನೀರಿನಡಿ ಇಡುತ್ತಾನೆ. ಅದರ ಸರಪಳಿಯನ್ನು ಆಳದ ಕಡೆ ಎಳೆದು ಗೂಟಕ್ಕೆ ಬಿಗಿಯುತ್ತಾನೆ. ಒಂದು ಕಡ್ಡಿಯನ್ನು ಬೀವರ್‌ನದೇ ಗ್ರಂಥಿಯಿಂದ ತೆಗೆದ ಘಾಟು ದ್ರವದಲ್ಲಿ ಅದ್ದಿ ಬೋನಿನ ಮೇಲೆ ಬಾಗುವಂತೆ ನೆಡುತ್ತಾನೆ. ತನ್ನ ಜಾಗಕ್ಕೆ ಬೇರೆ ಬೀವರ್ ಬಂದಿದೆ ಎಂದು ಮನೆಯ ಯಜಮಾನ ಮೂಸಲು ಬರುತ್ತದೆ. ಕಾಲು ಸಿಕ್ಕಿಕೊಂಡರೆ ಅಭ್ಯಾಸದಂತೆ ಆಳಕ್ಕೆ ಧುಮುಕುತ್ತದೆ. ಬೋನಿನ ಭಾರಕ್ಕೆ ಮೇಲೆ ಬರಲಾಗುವುದಿಲ್ಲ. ಹದಿನೈದು ನಿಮಿಷ ಉಸಿರು ಹಿಡಿಯಬಲ್ಲ ಜೀವ ನೀರಲ್ಲೇ ಮುಳುಗಿ ಸಾಯುತ್ತದೆ.

ತುಪ್ಪಳ ದಟ್ಟವಾಗಿರುವುದು ತಂಪು ಕಾಲದಲ್ಲಿ. ಹಾಗಾಗಿ ನೀರು ಹೆಪ್ಪುಗಟ್ಟುವ ಮುನ್ನ, ಮತ್ತೆ ಕರಗುವ ಹೊತ್ತಿಗೆ ದುಡಿಮೆ. ದಿನಾ ಬೆಳಗ್ಗೆ ಸಂಜೆ ಹಿಮದಂಥ ನೀರಲ್ಲಿ ನಿಂತ ಈ ಜನರಿಗೆ ಸಂಧಿವಾತ ಕಟ್ಟಿಟ್ಟ ಬುತ್ತಿ. ಚಳಿಯ ವಿಷಯದಲ್ಲಿ ಚಿತ್ರ ತಿಂಗಳು ತಪ್ಪಿದರೂ ಭಾವ ತಪ್ಪಿಲ್ಲ ಎನ್ನಬಹುದು. ಆದರೆ ಚಿತ್ರದ ಚಳಿ ವಿಧಿಯಂತೆ ಬರುತ್ತದೆ, ದೇವರು ಕೊಟ್ಟ ಪರೀಕ್ಷೆಯಂತೆ. ನಿಜದ ಚಳಿ ಕಂಪನಿಯ ಕೆಲಸದ ವೇಳಾಪಟ್ಟಿಯಲ್ಲೇ ಇತ್ತು.

ಸಂಬಳದ ಕಥೆಯನ್ನೂ ಹೇಳಿಬಿಡಬೇಕು. 1825ರಿಂದ 1840ರವರೆಗೆ ಬೇಸಿಗೆಯಲ್ಲಿ ಬೆಟ್ಟಗಳ ನಡುವೆ ಒಂದು ದೊಡ್ಡ ಸಂತೆ ಸೇರುತ್ತಿತ್ತು, ಹೆಚ್ಚಾಗಿ ಈಗಿನ ವ್ಯೋಮಿಂಗ್‌ನ ಗ್ರೀನ್ ನದಿಯ ಆಸುಪಾಸು. ಕಂಪನಿ ಸಾಮಾನು ತರುತ್ತದೆ, ಬೇಟೆಗಾರ ತೊಗಲು ಕೊಡುತ್ತಾನೆ. ಮದ್ದುಗುಂಡು, ಸಕ್ಕರೆ, ಕಾಫಿ, ಹೊಗೆಸೊಪ್ಪು, ನೀರು ಬೆರೆಸಿದ ಸಾರಾಯಿ, ಎಲ್ಲದಕ್ಕೂ ಸೇಂಟ್ ಲೂಯಿಸ್‌ನ ಹಲವು ಪಟ್ಟು ಬೆಲೆ. ಬೇರೆ ಅಂಗಡಿ ನೂರಾರು ಮೈಲಿ ದೂರ. ವರ್ಷದ ಗಳಿಕೆ ಕೆಲವೇ ದಿನಗಳಲ್ಲಿ ಕರಗಿ, ಮುಂದಿನ ವರ್ಷದ ಸಾಲ ಹೆಗಲೇರುತ್ತಿತ್ತು. ಯಾರ ಹಂಗೂ ಇಲ್ಲದ ಪರ್ವತ ಪುರುಷ ಎಂದು ಹಾಲಿವುಡ್ ಹಾಡಿ ಹೊಗಳಿದವರಲ್ಲಿ ಬಹಳ ಮಂದಿ ಹೀಗೆ ಅಂಗಡಿಯ ಖಾತೆಗೆ ಕಟ್ಟುಬಿದ್ದವರು. ಜಾಹೀರಾತು ಹಾಕಿದ ಆಶ್ಲಿ ಮಾತ್ರ 1826ರಲ್ಲೇ ಲಾಭದೊಂದಿಗೆ ವ್ಯಾಪಾರ ಮಾರಿ, ಆಮೇಲೆ ಮಿಸೌರಿಯಿಂದ ಅಮೆರಿಕದ ಸಂಸತ್ತಿಗೆ ಹೋದ.

ಚಿತ್ರದಲ್ಲಿ ಈ ಲೆಕ್ಕದ ವಾಸನೆ ಬರುವುದು ಒಬ್ಬನ ಬಾಯಲ್ಲಿ ಮಾತ್ರ, ಖಳ ಫಿಟ್ಜೆರಾಲ್ಡ್‌ನ ಬಾಯಲ್ಲಿ. ತೊಗಲಿನ ಕಟ್ಟು ಬಿಟ್ಟು ಬಂದರೆ ನಮ್ಮ ಕೂಲಿ ಎಲ್ಲಿಂದ ಬರುತ್ತದೆ ಎಂದು ಗೊಣಗುವವನು ಅವನೊಬ್ಬ. ಟಾಮ್ ಹಾರ್ಡಿ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾನೆಂದರೆ, ಎರಡನೇ ಸಲ ನೋಡುವಾಗ ನನಗೆ ಅವನ ಮಾತೇ ಸರಿ ಅನ್ನಿಸತೊಡಗಿತು. ದುಡ್ಡಿನ ಬಗ್ಗೆ ನಿಜ ಹೇಳುವವನನ್ನೇ ಕೊಲೆಗಾರನನ್ನಾಗಿ ಮಾಡಿದ್ದು ಕಥೆ ಹೆಣೆದವರ ಜಾಣತನ.

ಇದೇ ಕೈಚಳಕ ಮಿಸೌರಿ ನದಿಯ ದಂಡೆಯ ಮೂಲನಿವಾಸಿಗಳಾದ ಅರಿಕರ ಜನರ ವಿಷಯದಲ್ಲೂ ನಡೆದಿದೆ, ಮತ್ತು ಅಲ್ಲಿ ಅದು ಹೆಚ್ಚು ನೋಯಿಸುತ್ತದೆ. ಮೊದಲು ಚಿತ್ರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಹಳೆಯ ಕೌಬಾಯ್ ಚಿತ್ರಗಳಲ್ಲಿ ಮೂಲನಿವಾಸಿಗಳು ಕೂಗುತ್ತಾ ಕುದುರೆ ಮೇಲೆ ಬಂದು ಗುಂಡಿಗೆ ಬೀಳುವ ಗುಂಪು. ಇಲ್ಲಿ ಮೂಲನಿವಾಸಿ ನಟರೇ ಆ ಪಾತ್ರಗಳನ್ನು ಮಾಡಿದ್ದಾರೆ, ಅರಿಕರ ಭಾಷೆಯಲ್ಲೇ ಮಾತಾಡುತ್ತಾರೆ, ಆ ಸಮುದಾಯದವರನ್ನೇ ಸಲಹೆಗೆ ಇಟ್ಟುಕೊಂಡಿದ್ದಾರೆ. ಬೆರಳೆಣಿಕೆಯ ಜನ ಮಾತ್ರ ಬಲ್ಲ ಭಾಷೆಯೊಂದು ಜಗತ್ತಿನ ಥಿಯೇಟರುಗಳಲ್ಲಿ ಕೇಳಿಸಿತು ಎನ್ನುವುದು ಸಣ್ಣ ಮಾತಲ್ಲ.

ಆದರೆ ಚಿತ್ರದ ಆರಂಭದಲ್ಲೇ ಅವರು ಬೇಟೆಗಾರರ ಮೇಲೆ ದಾಳಿ ಮಾಡಿದ್ದು ಯಾಕೆ? ಚಿತ್ರದ ಉತ್ತರ: ಮುಖಂಡನ ಮಗಳನ್ನು ಬಿಳಿಯರು ಎತ್ತಿಕೊಂಡು ಹೋಗಿದ್ದಾರೆ, ಅಪ್ಪ ಹುಡುಕುತ್ತಿದ್ದಾನೆ. ಮತ್ತೆ ಮನೆಯೊಳಗಿನ ದುಃಖ. 1823ರ ಜೂನ್ 2ರ ಬೆಳಗಿನ ಜಾವ ಅರಿಕರರು ಆಶ್ಲಿಯ ತಂಡದ ಮೇಲೆ ಗುಂಡು ಹಾರಿಸಿ ಹನ್ನೆರಡಕ್ಕೂ ಹೆಚ್ಚು ಜನರನ್ನು ಕೊಂದದ್ದಕ್ಕೆ ಬೇರೆ ಕಾರಣಗಳಿದ್ದವು. ಅರಿಕರರು ಅಲೆಮಾರಿ ಯೋಧರಾಗಿರಲಿಲ್ಲ. ಮಿಸೌರಿ ದಂಡೆಯಲ್ಲಿ ಮಣ್ಣಿನ ಗುಂಡುಮನೆಗಳ ಊರು ಕಟ್ಟಿಕೊಂಡು ಮೆಕ್ಕೆಜೋಳ, ಹುರುಳಿ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದ ರೈತರು ಮತ್ತು ಮಧ್ಯವರ್ತಿ ವ್ಯಾಪಾರಿಗಳು. ಹೊಳೆಯ ಮೇಲೆ ಕೆಳಗೆ ಹೋಗುವ ಸರಕು ಅವರ ಕೈ ದಾಟಿ ಹೋಗಬೇಕಿತ್ತು. ಕಂಪನಿಗಳು ನೇರವಾಗಿ ಮೇಲಕ್ಕೆ ಹೋಗಿ ತಾವೇ ಬೀವರ್ ಹಿಡಿದರೆ ಅವರ ಹೊಟ್ಟೆಪಾಡು ಹೋಯಿತು. ಮೇಲಾಗಿ ಅಧ್ಯಕ್ಷ ಜೆಫರ್ಸನ್ ಕಾಣಲು ಹೋದ ಅವರ ಮುಖಂಡನೊಬ್ಬ 1806ರಲ್ಲಿ ವಾಷಿಂಗ್ಟನ್‌ನಲ್ಲೇ ತೀರಿಕೊಂಡಿದ್ದ. ಆ ಗಾಯವೂ ಆರಿರಲಿಲ್ಲ. ಸುಂಕದ ಜಗಳ, ದಾರಿಯ ಹಕ್ಕಿನ ಜಗಳ, ಹಳೆಯ ಅನುಮಾನ, ಎಲ್ಲ ಸೇರಿದ್ದವು. ಮಗಳ ಕಥೆ ನೋಡುಗನ ಕಣ್ಣಲ್ಲಿ ನೀರು ತರಿಸುತ್ತದೆ, ಸರಿ. ಆದರೆ ಅರಿಕರರಿಗೂ ಒಂದು ಆರ್ಥಿಕತೆಯಿತ್ತು, ಅದಕ್ಕಾಗಿ ಅವರು ಲೆಕ್ಕ ಹಾಕಿ ಹೊಡೆದಾಡಿದರು ಎಂಬುದನ್ನು ಅಳಿಸಿಬಿಡುತ್ತದೆ.

ಆ ಜಗಳದಲ್ಲಿ ಸತ್ತ ಜಾನ್ ಗಾರ್ಡ್ನರ್ ಎಂಬ ಹುಡುಗನ ಮನೆಗೆ ಗ್ಲಾಸ್ ಒಂದು ಪತ್ರ ಬರೆದ. ಅವನದೆಂದು ಉಳಿದಿರುವ ಬರಹ ಅದೊಂದೇ, ಸೌತ್ ಡಕೋಟಾದ ಇತಿಹಾಸ ಸಂಘದಲ್ಲಿದೆ. ಕಾಗುಣಿತ ತಪ್ಪುಗಳ ನಡುವೆ, ನಿಮ್ಮ ಮಗ ತೀರಿಕೊಂಡ ಸುದ್ದಿ ತಿಳಿಸಬೇಕಾದ ನೋವಿನ ಕರ್ತವ್ಯ ನನ್ನದಾಗಿದೆ ಎಂದು ಶುರುವಾಗುತ್ತದೆ. ತಾನು ಸ್ವತಃ ಕಾಲಿಗೆ ಗುಂಡು ತಿಂದದ್ದು ಅದರಲ್ಲಿ ಒಂದು ಸಾಲು. ದ್ರೋಹಿಗಳಿಗೆ ತಕ್ಕ ಶಿಕ್ಷೆಯಾಗುವವರೆಗೆ ಆಶ್ಲಿ ಇಲ್ಲೇ ಉಳಿಯುತ್ತಾನೆ ಎಂಬ ಮಾತೂ ಇದೆ.

ಫ್ರೆಂಚರದ್ದೂ ಇದೇ ಗತಿ. ಚಿತ್ರದ ಫ್ರೆಂಚ್ ಬೇಟೆಗಾರರು ಅತ್ಯಾಚಾರಿಗಳು, ನೀಚರು. ನಿಜದಲ್ಲಿ ಚೇತರಿಸಿಕೊಂಡ ಗ್ಲಾಸ್ ಫೋರ್ಟ್ ಕಿಯೋವಾದಿಂದ ಮತ್ತೆ ಹೊರಟದ್ದು ಲಾಂಜ್ವೆ ಎಂಬ ಫ್ರೆಂಚ್ ಮುಂದಾಳಿನ ದೋಣಿಯಲ್ಲಿ. ಆ ದೋಣಿಯವರು ಅರಿಕರರ ಕೈಯಲ್ಲಿ ಸತ್ತರು, ಗ್ಲಾಸ್ ಉಳಿದ. ಹತ್ತು ವರ್ಷದ ನಂತರ, 1833ರಲ್ಲಿ, ಯೆಲ್ಲೋಸ್ಟೋನ್ ನದಿಯ ಮೇಲೆ ಅವನನ್ನೂ ಅರಿಕರರೇ ಕೊಂದರು.

ಆಮೇಲೆ ಅರಿಕರರಿಗೆ ಏನಾಯಿತು ಎಂಬುದು ಯಾವ ಸಾಹಸ ಚಿತ್ರಕ್ಕೂ ಬೇಕಾಗಿಲ್ಲ. 1837ರಲ್ಲಿ ಅಮೆರಿಕನ್ ಫರ್ ಕಂಪನಿಯ ಹಬೆಹಡಗು 'ಸೇಂಟ್ ಪೀಟರ್ಸ್' ಮಿಸೌರಿಯ ಮೇಲೆ ಬಂತು, ಸರಕಿನ ಜೊತೆ ಸಿಡುಬು ತಂತು. ಪಕ್ಕದ ಮಂಡನ್ ಜನ ಸುಮಾರು 1,600 ಇದ್ದವರು ನೂರಿಪ್ಪತ್ತು-ನೂರೈವತ್ತಕ್ಕೆ ಇಳಿದರು. ಅರಿಕರರಲ್ಲೂ ಮನೆ ಮನೆ ಖಾಲಿಯಾಯಿತು. ಉಳಿದ ಮಂಡನ್, ಹಿಡಾಟ್ಸ, ಅರಿಕರ ಜನ ಒಂದಾಗಿ ಈಗ ನಾರ್ತ್ ಡಕೋಟಾದ ಫೋರ್ಟ್ ಬರ್ಥೋಲ್ಡ್‌ನಲ್ಲಿದ್ದಾರೆ. ಅಲ್ಲೂ ನೆಮ್ಮದಿಯಿರಲಿಲ್ಲ. 1950ರ ದಶಕದಲ್ಲಿ ಗ್ಯಾರಿಸನ್ ಅಣೆಕಟ್ಟಿನ ಹಿನ್ನೀರು ಅವರ ಒಂದೂವರೆ ಲಕ್ಷ ಎಕರೆಯಷ್ಟು ಜಮೀನನ್ನು, ಹೊಳೆದಂಡೆಯ ಒಳ್ಳೆಯ ಹೊಲಗಳನ್ನು, ಊರುಗಳ ಸಮೇತ ಮುಳುಗಿಸಿತು.

ಬೀವರ್‌ಗೆ ಬರೋಣ. ಯುರೋಪಿನವರು ಬರುವ ಮೊದಲು ಉತ್ತರ ಅಮೆರಿಕದಲ್ಲಿ ಕನಿಷ್ಠ 6 ಕೋಟಿ ಬೀವರ್ ಇದ್ದವು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. 40 ಕೋಟಿ ಎನ್ನುವವರೂ ಇದ್ದಾರೆ. 1900ರ ಹೊತ್ತಿಗೆ ಉಳಿದದ್ದು ಲಕ್ಷದ ಆಸುಪಾಸು. ಈ ಬೇಟೆಯಲ್ಲಿ ಒಂದು ಭಾಗ ಬರೀ ಲಾಭದ ಆಸೆಯಿಂದಲ್ಲ, ಲಾಭ ಬೇರೆಯವರಿಗೆ ಸಿಗಬಾರದು ಎಂಬ ಹಟದಿಂದ ನಡೆಯಿತು. ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿ ಸ್ನೇಕ್ ನದಿಯ ಸೀಮೆಯಲ್ಲಿ ಒಂದು ಬೀವರ್ ಕೂಡ ಉಳಿಸದೆ ಹಿಡಿಯಿರಿ ಎಂದು ತನ್ನ ತಂಡಗಳಿಗೆ ಹೇಳಿತ್ತು. ಬೀವರ್ ಇಲ್ಲದಿದ್ದರೆ ಅಮೆರಿಕನ್ ಬೇಟೆಗಾರ ಬರುವುದಿಲ್ಲ. ಅವನು ಬರದಿದ್ದರೆ ಅವನ ಹಿಂದೆ ದೇಶ ಬರುವುದಿಲ್ಲ. ಗಡಿಗೆ ಬೇಲಿಯ ಬದಲು ಬರಿದಾದ ಹೊಳೆ. 1830ರ ದಶಕದಲ್ಲಿ ರೇಷ್ಮೆ ಟೋಪಿಯ ಶೋಕಿ ಬಂದು ಬೆಲೆ ಬಿತ್ತು, ಜಾನ್ ಜೇಕಬ್ ಆಸ್ಟರ್‌ನಂಥ ದೊಡ್ಡ ಕುಳ 1834ರಲ್ಲಿ ವ್ಯಾಪಾರ ಬಿಟ್ಟು ಹೊರಬಂದ, 1840ರಲ್ಲಿ ಕೊನೆಯ ಸಂತೆ ನಡೆಯಿತು.

ಪ್ರಾಣಿ ಹೋದ ಮೇಲೆ ಹೊಳೆಗೆ ಏನಾಯಿತು? ಒಡ್ಡು ರಿಪೇರಿ ಮಾಡುವವರಿಲ್ಲ. ಒಂದೊಂದಾಗಿ ಕಿತ್ತುಹೋಯಿತು. ಮೆಟ್ಟಿಲಿನಂತೆ ನಿಂತು ನಿಂತು ಇಳಿಯುತ್ತಿದ್ದ ನೀರು ಒಂದೇ ಓಟಕ್ಕೆ ಬಿತ್ತು. ಓಡುವ ನೀರು ತಳ ಕೊರೆಯಿತು. ಕೊರೆದಷ್ಟೂ ಹೊಳೆ ಆಳವಾಯಿತು, ಅಕ್ಕಪಕ್ಕದ ಜೌಗು ಒಣಗಿತು, ಅಂತರ್ಜಲ ಇಳಿಯಿತು. ದನ ಮೇಯಿಸುವುದು, ಗಣಿ, ಕೃಷಿ ಇವೆಲ್ಲ ಆಮೇಲೆ ಸೇರಿಕೊಂಡವು. ಪಶ್ಚಿಮದ ಹೊಳೆಗಳೆಂದರೆ ಹೀಗೇ, ಆಳದ ಕಂದಕದಲ್ಲಿ ಸಣ್ಣಗೆ ಹರಿಯುವುದು ಎಂದು ಜನ ನಂಬಿದರು. ಅದು ಗಾಯದ ಗುರುತು ಎಂದು ಹೊಳೆಯ ವಿಜ್ಞಾನಿಗಳು ಒತ್ತಿ ಹೇಳತೊಡಗಿದ್ದು ಈಚೆಗೆ.

ವಾಪಸು ತರುವ ಯತ್ನ ಹೊಸದೇನಲ್ಲ. 1948ರಲ್ಲಿ ಐಡಹೊ ರಾಜ್ಯದ ಅಧಿಕಾರಿಗಳು, ರಸ್ತೆಯಿಲ್ಲದ ಬೆಟ್ಟಗಳಿಗೆ ಬೀವರ್ ಸಾಗಿಸುವುದು ಹೇಗೆಂದು ತಲೆಕೆರೆದುಕೊಂಡು, ಯುದ್ಧ ಮುಗಿದು ಮಿಕ್ಕಿದ್ದ ಪ್ಯಾರಾಚೂಟ್‌ಗಳನ್ನು ತರಿಸಿದರು. ನೆಲ ಮುಟ್ಟಿ ಹಗ್ಗ ಸಡಿಲವಾದೊಡನೆ ತಾನಾಗಿ ತೆರೆದುಕೊಳ್ಳುವ ಮರದ ಪೆಟ್ಟಿಗೆ ಮಾಡಿಸಿದರು. ಜೆರಾನಿಮೊ ಎಂದು ಹೆಸರಿಟ್ಟ ಒಂದು ಮುದಿ ಬೀವರನ್ನು ಮತ್ತೆ ಮತ್ತೆ ಬೀಳಿಸಿ ಪರೀಕ್ಷೆ ಮಾಡಿದರು. ಕೊನೆಗೆ 76 ಬೀವರ್ ವಿಮಾನದಿಂದ ಇಳಿದವು, ಸತ್ತದ್ದು ಒಂದು. ಸಿನಿಮಾ ಮಾಡಬೇಕಾದದ್ದು ಇದನ್ನು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗಿನ ಉತ್ಸಾಹಕ್ಕೆ ಕಾರಣ ಬರ ಮತ್ತು ಬೆಂಕಿ. ಪಶ್ಚಿಮದ ಐದು ರಾಜ್ಯಗಳ ದೊಡ್ಡ ಕಾಡ್ಗಿಚ್ಚುಗಳನ್ನು ಉಪಗ್ರಹ ಚಿತ್ರದಲ್ಲಿ ನೋಡಿದ 2020ರ ಅಧ್ಯಯನವೊಂದು, ಬೀವರ್ ಒಡ್ಡುಗಳಿದ್ದ ಹೊಳೆಯಂಚು ಇಲ್ಲದ ಕಡೆಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಹಾನಿಗೊಳಗಾಗಿತ್ತು ಎಂದು ತೋರಿಸಿತು. ಸುಟ್ಟು ಕಪ್ಪಾದ ಬೆಟ್ಟದ ನಡುವೆ ಹಸಿರು ಪಟ್ಟಿ. ಕಾರಣ ಸರಳ: ನೆನೆದ ಸೌದೆ ಹೊತ್ತುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವನ್ಯಜೀವಿ ಇಲಾಖೆ ಪ್ಲುಮಸ್ ಕೌಂಟಿಯ ತಾಸ್ಮಮ್ ಕೊಯೊಮ್ ಎಂಬ ಕಣಿವೆಯಲ್ಲಿ, ಮೂಲನಿವಾಸಿಗಳಾದ ಮೈದು ಜನರ ಜಾಗದಲ್ಲಿ, ಅವರ ಜೊತೆ ಸೇರಿ ಏಳು ಬೀವರ್‌ಗಳ ಒಂದು ಕುಟುಂಬವನ್ನು ಬಿಟ್ಟಿತು. ಆ ರಾಜ್ಯದಲ್ಲಿ ಸುಮಾರು 75 ವರ್ಷಗಳಲ್ಲಿ ಇಂಥದ್ದು ಮೊದಲು. ಮರುವರ್ಷ ಟ್ಯೂಲ್ ರಿವರ್ ಜನರ ನೆಲದಲ್ಲಿ ಬಿಟ್ಟರು. ಅಲ್ಲಿನ ಬಂಡೆಯ ಮೇಲೆ ನೂರಾರು ವರ್ಷ ಹಳೆಯ ಬೀವರ್ ಚಿತ್ರವಿದೆ. ಇಲ್ಲಿ ಇದ್ದವೋ ಇರಲಿಲ್ಲವೋ ಎಂಬ ವಾದಕ್ಕೆ ಅವರ ಉತ್ತರ ಆ ಬಂಡೆ.

ಎಲ್ಲರಿಗೂ ಇದು ಖುಷಿಯ ಸುದ್ದಿಯಲ್ಲ. ಬೀವರ್‌ಗೆ ಹೊಳೆ ಯಾವುದು, ರೈತನ ಕಾಲುವೆ ಯಾವುದು ಗೊತ್ತಿಲ್ಲ. ಹರಿಯುವ ನೀರಿನ ಸದ್ದು ಕೇಳಿದರೆ ಕಟ್ಟುತ್ತದೆ. ರಸ್ತೆಯ ಮೋರಿಗೆ ಕೊಂಬೆ ತುರುಕುತ್ತದೆ, ಹೊಲಕ್ಕೆ ನೀರು ನುಗ್ಗಿಸುತ್ತದೆ, ತೋಟದ ಮರ ಉರುಳಿಸುತ್ತದೆ. ಒಡ್ಡಿನೊಳಗೆ ಕೊಳವೆ ತೂರಿಸಿ ನೀರಿನ ಮಟ್ಟ ಇಳಿಸುವ ಉಪಾಯಗಳಿವೆ, ಆದರೆ ಬಂದೂಕು ಅಗ್ಗ. ಒಂದು ಕಡೆ ಸರ್ಕಾರ ತಂದು ಬಿಡುತ್ತಿದ್ದರೆ, ಇನ್ನೊಂದು ಕಡೆ ಅದೇ ದೇಶದ ಕೃಷಿ ಇಲಾಖೆಯ ವನ್ಯಜೀವಿ ವಿಭಾಗ ಉಪದ್ರವದ ಹೆಸರಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೀವರ್ ಕೊಂದದ್ದಿದೆ. ಆರೆಗಾನ್ ರಾಜ್ಯದ ಬಾವುಟದ ಹಿಂಬದಿಯಲ್ಲಿ ಬೀವರ್ ಇದೆ, ರಾಜ್ಯಪ್ರಾಣಿಯೂ ಅದೇ. ಆದರೂ 2024ರ ಜುಲೈವರೆಗೆ ಅಲ್ಲಿನ ಕಾನೂನು ಖಾಸಗಿ ಜಮೀನಿನಲ್ಲಿ ಅದನ್ನು ಹಿಂಸ್ರ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. ತೊಗಟೆ ತಿನ್ನುವ ಜೀವ!

ಹೀಗಿರುವಾಗ ಸಿನಿಮಾ ಏನು ಮಾಡಬಹುದು ಎಂದರೆ, ಏನೂ ಮಾಡಬೇಕಾಗಿಲ್ಲ, ಲೆಕ್ಕದ ಪುಸ್ತಕ ತೆರೆದರೆ ಸಾಕು. ಆಗುವುದಿಲ್ಲ ಎಂದೇನಿಲ್ಲ. ಕೆಲ್ಲಿ ರೈಕಾರ್ಟ್ 2019ರಲ್ಲಿ ಮಾಡಿದ 'ಫಸ್ಟ್ ಕೌ' ಇದೇ ಕಾಲದ, ಇದೇ ಬೇಟೆಗಾರರ ಅಡುಗೆಯವನೊಬ್ಬನ ಕಥೆ. ಕದ್ದ ಹಾಲಿನಲ್ಲಿ ಕಜ್ಜಾಯದಂಥ ತಿಂಡಿ ಕರಿದು ಮಾರುವ ಇಬ್ಬರು ಗೆಳೆಯರು, ಬಂಡವಾಳ ಎಲ್ಲಿಂದ ತರುವುದು ಎಂಬ ಅವರ ಚಿಂತೆ, ಆ ಹಸುವಿನ ಒಡೆಯನಾದ ಸಾಹುಕಾರ. ಅದರಲ್ಲಿ ಕರಡಿ ಇಲ್ಲ, ಯಾರೂ ಜಾಸ್ತಿ ನೋಡಲೂ ಇಲ್ಲ. 'ದಿ ರೆವನಂಟ್'ಗೆ ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಮಾರ್ಕ್ ಎಲ್. ಸ್ಮಿತ್ 2025ರ ಜನವರಿಯಲ್ಲಿ ತಂದ 'ಅಮೆರಿಕನ್ ಪ್ರೈಮೀವಲ್' ಸರಣಿಯಲ್ಲಿ ಬ್ರಿಜರ್ ಮತ್ತೆ ಬಂದ, ಈಗ ವಯಸ್ಸಾದವನಾಗಿ, 1857ರ ಕಥೆಯಲ್ಲಿ. ರಕ್ತ, ಕೆಸರು, ಸೇಡು ಅಲ್ಲೂ ಧಾರಾಳವಾಗಿವೆ.

'ದಿ ರೆವನಂಟ್' ಇನ್ನೊಮ್ಮೆ ಹಾಕಿಕೊಂಡರೆ ಮೊದಲ ದೃಶ್ಯವನ್ನು ಗಮನಿಸಿ. ಮರಗಳ ಬುಡದಲ್ಲಿ ತಿಳಿನೀರು ಸದ್ದಿಲ್ಲದೆ ಹರಿಯುತ್ತಿದೆ, ಕಾಡೇ ಹೊಳೆಯಾಗಿದೆ, ಅಪ್ಪ ಮಗ ಬಂದೂಕು ಹಿಡಿದು ನೀರಲ್ಲೇ ಹೆಜ್ಜೆ ಇಡುತ್ತಿದ್ದಾರೆ. ಬೀವರ್ ತುಂಬಿದ್ದ ಸೀಮೆ ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು, ಹೊಳೆಗೂ ಕಾಡಿಗೂ ನಡುವೆ ಗೆರೆ ಎಳೆಯಲಾಗದ ಹಾಗೆ. ಕೊನೆಯ ಹೊಡೆದಾಟವನ್ನು ತೆಗೆಯುವ ಹೊತ್ತಿಗೆ ಕೆನಡಾದಲ್ಲಿ ಹಿಮ ಕರಗಿಹೋಗಿತ್ತು. ತಂಡ ಹಿಮ ಹುಡುಕಿಕೊಂಡು ಭೂಮಿಯ ಇನ್ನೊಂದು ತುದಿಗೆ, ಅರ್ಜೆಂಟೀನಾದ ದಕ್ಷಿಣ ಕೊನೆಯ ಉಶುವಾಯಾ ಬಳಿಗೆ ಹೋಯಿತು. ಅಲ್ಲಿ 1946ರಲ್ಲಿ ಆ ದೇಶದ ಸರ್ಕಾರ ತುಪ್ಪಳದ ಉದ್ಯಮ ಬೆಳೆಸೋಣ ಎಂದು ಕೆನಡಾದಿಂದ ಇಪ್ಪತ್ತು ಬೀವರ್ ತರಿಸಿ ಬಿಟ್ಟಿತ್ತು. ಉದ್ಯಮ ಬೆಳೆಯಲಿಲ್ಲ, ಬೀವರ್ ಬೆಳೆದವು. ಅವನ್ನು ತಿನ್ನುವ ತೋಳ, ಕರಡಿ ಅಲ್ಲಿಲ್ಲ. ಕಡಿದರೆ ಬುಡದಿಂದ ಚಿಗುರುವ ಮರವೂ ಅಲ್ಲಿಲ್ಲ. ಇಪ್ಪತ್ತು ಹೋಗಿ ಈಗ ಲಕ್ಷದ ಲೆಕ್ಕ, ಕಣಿವೆ ಕಣಿವೆಯಲ್ಲಿ ಒಣಗಿ ನಿಂತ ಬಿಳಿ ಬೊಡ್ಡೆಗಳು. 2008ರಲ್ಲಿ ಚಿಲಿ ಮತ್ತು ಅರ್ಜೆಂಟೀನಾ ಎರಡೂ ಸೇರಿ ಇವನ್ನು ಪೂರ್ತಿ ತೆಗೆಯಬೇಕೆಂದು ಒಪ್ಪಂದ ಮಾಡಿಕೊಂಡವು. ಗ್ಲಾಸ್ ಮತ್ತು ಫಿಟ್ಜೆರಾಲ್ಡ್ ಹಿಮದಲ್ಲಿ ಉರುಳಾಡಿ ಒಬ್ಬರನ್ನೊಬ್ಬರು ಇರಿಯುತ್ತಿದ್ದ ಆ ಸೀಮೆಯಲ್ಲಿ, ಕ್ಯಾಮೆರಾ ಯಾವ ಕಡೆ ತಿರುಗಿದ್ದರೂ ಸ್ವಲ್ಪ ದೂರದಲ್ಲಿ ಒಂದು ಬೀವರ್ ಒಡ್ಡು ಸಿಗುತ್ತಿತ್ತು.